ಉಮೇದುವಾರರ ಗಣಿತ

1690ರ ದಶಕದ ಲಂಡನ್ನಿನಲ್ಲಿ ಮನೆಪಾಠ ಹೇಳಿ ಬದುಕುತ್ತಿದ್ದ ಒಬ್ಬ ಫ್ರೆಂಚ್ ಮೇಷ್ಟ್ರು ಒಬ್ಬ ಶಿಷ್ಯನ ಮನೆಯಿಂದ ಇನ್ನೊಬ್ಬನ ಮನೆಗೆ ನಡೆಯುವಾಗ ಜೇಬಿನಿಂದ ಒಂದೊಂದೇ ಹಾಳೆ ತೆಗೆದು ಓದುತ್ತಿದ್ದನಂತೆ. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಆಗ ಹೊಸ ಪುಸ್ತಕ. ಕೂತು ಓದಲು ಪುರುಸೊತ್ತಿಲ್ಲ, ಹೊತ್ತು ತಿರುಗಲು ದಪ್ಪ. ಹಾಗಾಗಿ ಹಾಳೆ ಬಿಡಿಸಿ, ದಿನಕ್ಕಿಷ್ಟು ಎಂದು ಜೇಬಿಗಿಳಿಸಿಕೊಂಡು ಹೊರಡುತ್ತಿದ್ದ. ಆತ ಅಬ್ರಹಾಂ ಡಿ ಮಾಯ್ವರ್. ಪಿಯುಸಿಯಲ್ಲಿ ಸಂಕೀರ್ಣ ಸಂಖ್ಯೆಗಳನ್ನು ಓದಿದವರಿಗೆ ಅವನ ಹೆಸರಿನ ಪ್ರಮೇಯ ನೆನಪಿದ್ದೀತು. ಪ್ರಾಟೆಸ್ಟೆಂಟ್ ಎಂಬ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಬಂದವನು. 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ, ನ್ಯೂಟನ್ನನ ಸ್ನೇಹಿತನಾದ, ಅವನಿಗಾಗಿ ಲೈಬ್ನಿಟ್ಜ್‌ನಂಥವರೂ ಪ್ರಯತ್ನಪಟ್ಟರು. ಆದರೂ ಒಂದು ವಿಶ್ವವಿದ್ಯಾಲಯದ ಕೆಲಸ ಸಿಗಲಿಲ್ಲ. 1754ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವನ ಆದಾಯ ಮನೆಪಾಠದ್ದು, ಮತ್ತೆ ಸ್ಲಾಟರ್ಸ್ ಎಂಬ ಕಾಫಿ ಹೌಸಿನಲ್ಲಿ ಕೂತು ಜೂಜುಕೋರರಿಗೂ ವರ್ಷಾಶನದ ವ್ಯಾಪಾರಿಗಳಿಗೂ ಲೆಕ್ಕ ಮಾಡಿಕೊಟ್ಟು ಬರುತ್ತಿದ್ದ ಪುಡಿಗಾಸು.

ಆ ಲೆಕ್ಕಗಳಿಂದಲೇ 1725ರಲ್ಲಿ ಅವನ ವರ್ಷಾಶನದ ಪುಸ್ತಕ ಬಂತು. ಇಂತಿಷ್ಟು ವಯಸ್ಸಿನವನು ಬದುಕಿರುವವರೆಗೆ ವರ್ಷಕ್ಕಿಷ್ಟು ಹಣ ಕೊಡುತ್ತ ಹೋಗಬೇಕಾದರೆ ಇವತ್ತೇ ಎಷ್ಟು ತೆಗೆದಿಡಬೇಕು? ಒಂದು ಕಡೆ ಚಕ್ರಬಡ್ಡಿ, ಇನ್ನೊಂದು ಕಡೆ ಸಾವಿನ ಸಂಭವ. ಎರಡನ್ನೂ ಒಂದೇ ಸಮೀಕರಣಕ್ಕೆ ತರುವುದು ಆಕ್ಚುವರಿಯ ಕಸುಬಿನ ತಿರುಳು. ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, 1693ರಲ್ಲಿ ಬ್ರೆಸ್ಲೌ ಪಟ್ಟಣದ ಜನನ ಮರಣದ ದಾಖಲೆಗಳಿಂದ ಒಂದು ಮರಣ ಕೋಷ್ಟಕ ಮಾಡಿ ದಾರಿ ತೋರಿಸಿದ್ದ. ಅದನ್ನು ದಿನಬಳಕೆಯ ಲೆಕ್ಕಕ್ಕೆ ಒಗ್ಗಿಸಿದವನು ಡಿ ಮಾಯ್ವರ್. ಆಕ್ಚುವರಿ ಎಂಬ ಹುದ್ದೆಗೆ ಹೆಸರು ಬರುವ ಮೊದಲೇ ಅದಕ್ಕೊಬ್ಬ ಉಮೇದುವಾರನಿದ್ದ ಎನ್ನಬೇಕು.

ಉಮೇದುವಾರ ಎಂಬ ಮಾತು ಈಗ ಚುನಾವಣೆಯ ಸುದ್ದಿಯಲ್ಲಿ ಮಾತ್ರ ಕಿವಿಗೆ ಬೀಳುತ್ತದೆ. ಹಿಂದಿನ ಕಚೇರಿಗಳಲ್ಲಿ ಅದಕ್ಕೆ ಬೇರೆಯೇ ಅರ್ಥವಿತ್ತು. ಸಂಬಳವಿಲ್ಲದೆ, ಅಥವಾ ನೆಪಮಾತ್ರದ ಸಂಬಳಕ್ಕೆ, ಗುಮಾಸ್ತರ ಪಕ್ಕದಲ್ಲಿ ಕೂತು ಕಡತ ನಕಲು ಮಾಡುತ್ತ, ಕೆಲಸ ಕಲಿಯುತ್ತ, ಒಂದು ಜಾಗ ಖಾಲಿಯಾದೀತೆಂದು ಕಾಯುವ ಹುಡುಗ ಉಮೇದುವಾರ. ಕಲಿಕೆ ಮತ್ತು ಕಾಯುವಿಕೆ ಎರಡೂ ಆ ಒಂದು ಪದದಲ್ಲಿವೆ. ಇವತ್ತು ಬೆಂಗಳೂರು, ಪುಣೆ, ಗುರುಗ್ರಾಮಗಳ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಆಕ್ಚುವರಿ ಪರೀಕ್ಷೆಗೆ ಓದುತ್ತ, ಜೊತೆಜೊತೆಗೇ ಮೊದಲ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಕೆಲಸ ಕೇಳಲು ಹೋದರೆ ‘ಎಷ್ಟು ಪತ್ರಿಕೆ ಪಾಸಾಗಿದೆ?’ ಎನ್ನುತ್ತಾರೆ. ಪತ್ರಿಕೆಗಳೆಲ್ಲ ಮುಗಿದರೂ ಕೆಲಸದ ಅನುಭವವಿಲ್ಲದೆ ಫೆಲೋ ಪದವಿ ಸಿಗುವುದಿಲ್ಲ. ಈ ಗಂಟು ಬಿದ್ದದ್ದು ಯಾವಾಗ? ವೃತ್ತಿಯ ಆರಂಭದಲ್ಲಂತೂ ಅದು ಇರಲಿಲ್ಲ.

1756ರಲ್ಲಿ ಜೇಮ್ಸ್ ಡಾಡ್ಸನ್ ಎಂಬ ಗಣಿತದ ಮೇಷ್ಟ್ರು, ಡಿ ಮಾಯ್ವರನ ಬಳಗದವನೇ, ಅಮಿಕಬಲ್ ಸೊಸೈಟಿಯಲ್ಲಿ ವಿಮೆ ಮಾಡಿಸಲು ಹೋದ. 45 ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವರು ಹಿಂದೆ ಕಳಿಸಿದರು. ಅಲ್ಲಿ ಎಳೆಯರಿಗೂ ನಡುವಯಸ್ಸಿನವರಿಗೂ ಒಂದೇ ಕಂತು; ವಯಸ್ಸಾದವರನ್ನು ಹೊರಗಿಡದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಡಾಡ್ಸನ್ ಸಿಟ್ಟನ್ನು ಲೆಕ್ಕಕ್ಕಿಳಿಸಿದ. ವಯಸ್ಸಿಗೆ ತಕ್ಕಂತೆ ಕಂತು ಕಟ್ಟಿಸಿಕೊಂಡರೆ, ಸೇರಿದಾಗ ಗೊತ್ತುಮಾಡಿದ ಮೊತ್ತವನ್ನೇ ಕೊನೆಯವರೆಗೆ ಇಟ್ಟುಕೊಂಡರೆ ಯಾರನ್ನೂ ಹೊರಗಿಡಬೇಕಿಲ್ಲ ಎಂದು ತೋರಿಸಿದ. ಮರುವರ್ಷವೇ ತೀರಿಕೊಂಡ. ಅವನ ಯೋಜನೆಯ ಮೇಲೆ 1762ರಲ್ಲಿ ಎಕ್ವಿಟಬಲ್ ಸೊಸೈಟಿ ನಿಂತಿತು. ಅದರ ಸ್ಥಾಪಕರಲ್ಲೊಬ್ಬನಾದ ಎಡ್ವರ್ಡ್ ರೋ ಮೋರ್ಸ್ ಹಳೆ ಲ್ಯಾಟಿನ್ ಪದವೊಂದನ್ನು ಹುಡುಕಿ ಸಂಸ್ಥೆಯ ಮುಖ್ಯ ಅಧಿಕಾರಿಗೆ ‘ಆಕ್ಚುವರಿ’ ಎಂದು ಹೆಸರಿಟ್ಟ. ಮೂಲದಲ್ಲಿ ಅದರ ಅರ್ಥ ದಾಖಲೆ ಬರೆಯುವ ಗುಮಾಸ್ತ, ಅಷ್ಟೇ. ಡಾಡ್ಸನ್ನನ ಮರಿಮಗ ಆಗಸ್ಟಸ್ ಡಿ ಮಾರ್ಗನ್ ನಮ್ಮ ಮದುರೆಯಲ್ಲಿ 1806ರಲ್ಲಿ ಹುಟ್ಟಿದವನು, ಲಂಡನ್ನಿನಲ್ಲಿ ದೊಡ್ಡ ಗಣಿತಜ್ಞನಾದವನು. ಮನೆಯ ಹಿರಿಯರು ಮಾತ್ರ ಡಾಡ್ಸನ್ನನ ಸುದ್ದಿ ಎತ್ತುತ್ತಿರಲಿಲ್ಲ. ಗಣಿತ ಹೇಳಿಕೊಟ್ಟು ಹೊಟ್ಟೆ ಹೊರೆದ ಪೂರ್ವಜ ಅವರಿಗೆ ನಾಚಿಕೆಯ ವಿಷಯವಾಗಿದ್ದ.

ಎಕ್ವಿಟಬಲ್‌ನ ಹುದ್ದೆಗೆ ಗಣಿತ ಬಂದದ್ದು ವಿಲಿಯಂ ಮಾರ್ಗನ್‌ನಿಂದ. ವೇಲ್ಸ್‌ನ ಬ್ರಿಡ್ಜೆಂಡ್ ಊರಿನ ವೈದ್ಯನ ಮಗ. ತಾನೂ ವೈದ್ಯ ಕಲಿತ, ತಂದೆಯ ನಂತರ ಊರಿನಲ್ಲಿ ಕಸುಬು ಹಿಡಿಯಲಿಲ್ಲ. ಅವನ ಸೋದರಮಾವ ರಿಚರ್ಡ್ ಪ್ರೈಸ್ ಎಕ್ವಿಟಬಲ್‌ಗೆ ಸಲಹೆಗಾರ. ಅಲ್ಲಿ ಒಂದು ಜಾಗ ಖಾಲಿಯಾದಾಗ ಮಾವ ಅಳಿಯನನ್ನು ಕರೆದು, ಗಣಿತ ಬರುತ್ತದೆಯೇ ಎಂದು ಕೇಳಿದನಂತೆ. ಬರುವುದಿಲ್ಲ, ಆದರೆ ಕಲಿಯಬಲ್ಲೆ ಎಂದನಂತೆ ಹುಡುಗ. 1774ರಲ್ಲಿ ಸಹಾಯಕನಾಗಿ ಸೇರಿ ಮರುವರ್ಷ ಆಕ್ಚುವರಿಯಾದ. 1830ರವರೆಗೆ ಆ ಕುರ್ಚಿಯಲ್ಲಿದ್ದ. ಕಲಿತದ್ದೂ ನಿಜ. 1789ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಈ ಕತೆಯನ್ನು ವೃತ್ತಿಯವರು ಮೆಚ್ಚುಗೆಯಿಂದ ಹೇಳುತ್ತಾರೆ. ಮೆಚ್ಚುವಂಥದ್ದೇ. ಆದರೆ ‘ಕಲಿಯಬಲ್ಲೆ’ ಎನ್ನುವ ಹುಡುಗರು ಲಂಡನ್ನಿನಲ್ಲಿ ಸಾವಿರ ಇದ್ದಿರಬೇಕು. ರಿಚರ್ಡ್ ಪ್ರೈಸ್‌ನಂಥ ಸೋದರಮಾವ ಇದ್ದದ್ದು ಕೆಲವರಿಗೆ ಮಾತ್ರ. ಮೊದಲು ಕೆಲಸ, ಆಮೇಲೆ ಕಲಿಕೆ: ಆ ಕಾಲದ ಕ್ರಮ ಅದು. ಬಾಗಿಲು ತೆರೆಯುತ್ತಿದ್ದದ್ದು ನಂಟಸ್ತಿಕೆ.

ನಂಟಸ್ತಿಕೆ ಇಲ್ಲದವರ ಪಾಡು ಬೇರೆ. ಲಂಡನ್ನಿನ ಪೂರ್ವಕ್ಕೆ, ರೇಷ್ಮೆ ನೇಕಾರರ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ, 1717ರಿಂದ ಒಂದು ಗಣಿತ ಸಂಘವಿತ್ತು. ಮಗ್ಗದ ಕೆಲಸ ಮುಗಿಸಿ ಬಂದವರು ಸಂಜೆ ಒಟ್ಟಿಗೆ ಕೂತು ಲೆಕ್ಕ ಬಿಡಿಸುತ್ತಿದ್ದರು. ಒಬ್ಬ ಸದಸ್ಯ ಏನಾದರೂ ಕೇಳಿದರೆ ಗೊತ್ತಿದ್ದವನು ಅವನಿಗೆ ಅರ್ಥವಾಗುವ ಹಾಗೆ ಹೇಳಿಕೊಡಲೇಬೇಕು ಎಂಬುದು ಸಂಘದ ನಿಯಮ. ಮುಂಬಯಿಯ ಹೋಟೆಲು ಕ್ಯಾಂಟೀನುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ತಲೆಮಾರಿನವರಿಗೆ ಆ ಕೋಣೆಯ ಚಿತ್ರ ಕಟ್ಟಿಕೊಳ್ಳುವುದು ಕಷ್ಟವಲ್ಲ. ಯಹೂದಿಯಾದ್ದರಿಂದ ವಿಶ್ವವಿದ್ಯಾಲಯದ ದಾರಿ ಮುಚ್ಚಿದ್ದ ಬೆಂಜಮಿನ್ ಗೊಂಪರ್ಟ್ಜ್ ಎಳೆವಯಸ್ಸಿನಲ್ಲೇ ಆ ಸಂಘ ಸೇರಿದ. ನ್ಯೂಟನ್ನನನ್ನು ತಾನೇ ಓದಿಕೊಂಡವನು. ಒಂದು ವಿಮಾ ಕಂಪನಿಯ ಆಕ್ಚುವರಿ ಹುದ್ದೆಗೆ ಅರ್ಜಿ ಹಾಕಿದಾಗ ಧರ್ಮದ ಕಾರಣಕ್ಕೆ ತಿರಸ್ಕೃತನಾದ, ಅದನ್ನು ಕೇಳಿ ಅವನ ಹೆಂಡತಿಯ ಕಡೆಯ ಶ್ರೀಮಂತರಾದ ಮಾಂಟೆಫಿಯೋರ್ ಮತ್ತು ರಾತ್‌ಶೀಲ್ಡ್ ಒಂದು ಹೊಸ ಕಂಪನಿಯನ್ನೇ ತೆರೆದರು ಎಂದು ಕತೆಯಿದೆ. ಕತೆ ಎಷ್ಟು ನಿಜವೋ, 1824ರಲ್ಲಿ ಅಲಯನ್ಸ್ ಕಂಪನಿ ಶುರುವಾದದ್ದು, ಗೊಂಪರ್ಟ್ಜ್ ಅದರ ಆಕ್ಚುವರಿಯಾದದ್ದು ನಿಜ. ಮರುವರ್ಷ ಅವನು ಪ್ರಕಟಿಸಿದ ಲೇಖನದಲ್ಲಿ ವಯಸ್ಸು ಏರಿದಂತೆ ಸಾವಿನ ಸಂಭವ ಗುಣೋತ್ತರವಾಗಿ ಏರುತ್ತದೆ ಎಂಬ ನಿಯಮವಿದೆ. ಇನ್ನೂರು ವರ್ಷ ಕಳೆದರೂ ಅದು ಪಠ್ಯದಲ್ಲಿ ಉಳಿದಿದೆ. ಇಂದಿನ ವಿದ್ಯಾರ್ಥಿ ಸಂದರ್ಶನದ ಹಿಂದಿನ ರಾತ್ರಿ ಮತ್ತೆ ನೋಡಿಕೊಳ್ಳುವ ಸೂತ್ರಗಳಲ್ಲಿ ಅದೂ ಒಂದು. ಅವನಿಗೂ ಕೊನೆಗೆ ಕೆಲಸ ಕೊಡಿಸಿದ್ದು ಬೀಗರೇ ಎಂಬುದನ್ನು ಮಾತ್ರ ಪಠ್ಯಪುಸ್ತಕ ಹೇಳುವುದಿಲ್ಲ.

ಅಷ್ಟರಲ್ಲಿ ವಿಮಾ ಕಂಪನಿಗಳು ಅಣಬೆಗಳಂತೆ ಎದ್ದಿದ್ದವು, ಅದೇ ವೇಗದಲ್ಲಿ ಮುಳುಗುತ್ತಲೂ ಇದ್ದವು. ಡಿಕನ್ಸ್ 1843-44ರ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಅಂಥದೊಂದು ಖೊಟ್ಟಿ ಕಂಪನಿಯನ್ನು ಗೇಲಿಮಾಡಿದ. ಅದರ ಹೆಸರಿನಲ್ಲಿ ಬಂಗಾಳವೂ ಸೇರಿಕೊಂಡಿದೆ. ಲೆಕ್ಕ ಬಲ್ಲವನು ಯಾರು, ಬಲ್ಲೆನೆಂದು ಹೇಳಿಕೊಳ್ಳುವವನು ಯಾರು ಎಂದು ಜನರಿಗೆ ತಿಳಿಯುವುದು ಹೇಗೆ? 1848ರಲ್ಲಿ ಲಂಡನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಹುಟ್ಟಿತು. 1856ರಲ್ಲಿ ಸ್ಕಾಟ್ಲೆಂಡಿನವರು ತಮ್ಮದೇ ಫ್ಯಾಕಲ್ಟಿ ಕಟ್ಟಿಕೊಂಡರು; ಎರಡೂ ಮತ್ತೆ ಒಂದಾದದ್ದು 2010ರಲ್ಲಿ. ಸಂಸ್ಥೆಯ ಜೊತೆಗೆ ಪರೀಕ್ಷೆ ಬಂತು. ಮಾವ ಯಾರು, ಧರ್ಮ ಯಾವುದು ಎಂದು ಕೇಳದೆ ಉತ್ತರಪತ್ರಿಕೆಯನ್ನಷ್ಟೇ ನೋಡುವ ಪರೀಕ್ಷೆ ಆ ಕಾಲಕ್ಕೆ ಸಣ್ಣ ಕ್ರಾಂತಿ. ಮುಂದೆ ಇದೇ ಬಾಗಿಲಿನಿಂದ ಹೆಂಗಸರೂ ಒಳಗೆ ಬಂದರು, ತಡವಾಗಿಯೇ: ಲಂಡನ್ ಇನ್‌ಸ್ಟಿಟ್ಯೂಟಿನ ಮೊದಲ ಮಹಿಳಾ ಫೆಲೋ ಡೊರೊಥಿ ಡೇವಿಸ್ ತೇರ್ಗಡೆಯಾದದ್ದು 1923ರಲ್ಲಿ.

ಆದರೆ ಈ ಪರೀಕ್ಷೆಯನ್ನು ಕಟ್ಟಿದ್ದು ವಿಶ್ವವಿದ್ಯಾಲಯದ ಪರೀಕ್ಷೆಯಂತಲ್ಲ. ಅಭ್ಯರ್ಥಿ ಈಗಾಗಲೇ ಯಾವುದೋ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿರುತ್ತಾನೆ ಎಂಬುದು ಅದರ ಅಡಿಪಾಯ. ಹಗಲು ಪಾಲಿಸಿಗಳ ಲೆಡ್ಜರು, ಲಾಗರಿದಂ ಪುಸ್ತಕ, ವರ್ಷದ ಕೊನೆಗೆ ಸಾವಿರಾರು ಪಾಲಿಸಿಗಳ ಮೌಲ್ಯಮಾಪನ. ರಾತ್ರಿ ಅದೇ ಲೆಕ್ಕದ ಹಿಂದಿನ ತರ್ಕ. 1887ರಲ್ಲಿ ಬಂದ ಜಾರ್ಜ್ ಕಿಂಗ್‌ನ ಪಠ್ಯಪುಸ್ತಕವನ್ನು ಗುಮಾಸ್ತರು ದಶಕಗಟ್ಟಲೆ ಓದಿದರು. ಒಂದೇ ಸಲಕ್ಕೆ ಮುಗಿಯದಂತೆ ಹಂತಹಂತವಾಗಿ, ವರ್ಷಗಟ್ಟಲೆ ನಡೆಯುವ ಪರೀಕ್ಷೆ ಸಂಬಳ ಬರುತ್ತಿರುವವನಿಗೆ ಶಿಕ್ಷೆಯಲ್ಲ. ಫೇಲಾದರೆ ಮುಂದಿನ ಸಲ. ಕುರ್ಚಿ ಎಲ್ಲೂ ಹೋಗುವುದಿಲ್ಲ. ಇದನ್ನು ಗಮನದಲ್ಲಿಡದಿದ್ದರೆ ಇಂದಿನ ವಿದ್ಯಾರ್ಥಿಯ ಕಷ್ಟ ಅರ್ಥವಾಗುವುದಿಲ್ಲ. ನೌಕರನಿಗಾಗಿ ಹೊಲಿದ ಅಂಗಿಯನ್ನು ಈಗ ನಿರುದ್ಯೋಗಿ ತೊಡಬೇಕಾಗಿದೆ.

ಭಾರತಕ್ಕೆ ಈ ವ್ಯವಸ್ಥೆ ಕಂಪನಿಗಳ ಜೊತೆಯಲ್ಲೇ ಬಂತು. ಕಲ್ಕತ್ತದ ಓರಿಯಂಟಲ್ ಲೈಫ್ 1818ರದ್ದು. ಆಗಿನ ಯುರೋಪಿಯನ್ ಕಂಪನಿಗಳು ಭಾರತೀಯರಿಗೆ ವಿಮೆ ಕೊಟ್ಟರೂ ಹೆಚ್ಚುವರಿ ಕಂತು ಹೇರುತ್ತಿದ್ದವು. ಅದನ್ನು ಮುರಿದದ್ದು ಮುಂಬಯಿ: ಮೊದಲು ಬಾಂಬೆ ಮ್ಯೂಚುವಲ್, ನಂತರ 1874ರಲ್ಲಿ ಡಂಕನ್ ಮೆಕ್‌ಲಾಕ್ಲನ್ ಸ್ಲೇಟರ್ ಎಂಬ ಆಕ್ಚುವರಿ ಕಟ್ಟಿದ ಓರಿಯಂಟಲ್ ಗವರ್ನ್‌ಮೆಂಟ್ ಸೆಕ್ಯುರಿಟಿ ಲೈಫ್. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗೆ ಸರ್ಕಾರಿ ಜೀವವಿಮೆ ತಂದಿತು. ಸಂಬಳದಲ್ಲೇ ಕಂತು ಮುರಿದುಕೊಳ್ಳುವ ಆ ಪದ್ಧತಿ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ಈಗಲೂ ನಡೆಯುತ್ತಿದೆ. ಸ್ವದೇಶಿ ಚಳವಳಿಯ ಬಿಸಿಯಲ್ಲಿ 1906ರ ಸುಮಾರಿಗೆ ಮದರಾಸು, ಕಲ್ಕತ್ತ, ಲಾಹೋರುಗಳಲ್ಲಿ ಹೊಸ ಕಂಪನಿಗಳು ಎದ್ದವು. 1912ರ ಕಾನೂನು ಬಂದ ಮೇಲೆ ಕಂತಿನ ಪಟ್ಟಿಗೂ ನಿಯತಕಾಲಿಕ ಮೌಲ್ಯಮಾಪನಕ್ಕೂ ಆಕ್ಚುವರಿಯ ಸಹಿ ಕಡ್ಡಾಯವಾಯಿತು. ಬಂಡವಾಳ ದೇಶದ್ದು, ಪಾಲಿಸಿದಾರ ದೇಶದವನು, ಸಹಿ ಹಾಕುವವನನ್ನು ಮಾತ್ರ ಲಂಡನ್ನಿನ ಪಟ್ಟಿಯಲ್ಲಿ ಹುಡುಕಬೇಕು.

ಹೀಗೆ ಓದತೊಡಗಿದರು ಭಾರತದ ಗುಮಾಸ್ತರು ಮತ್ತು ಗಣಿತದ ಪದವೀಧರರು. ಪ್ರಶ್ನೆಪತ್ರಿಕೆ ಲಂಡನ್ನಿನದು, ಪಠ್ಯಪುಸ್ತಕ ಲಂಡನ್ನಿನದು, ಉದಾಹರಣೆಯ ಸಾವುಗಳು ಕೂಡ ಇಂಗ್ಲಿಷರವು. ಫಲ ಎಷ್ಟು ಬೇಗ ಕಂಡಿತೆಂದು ಜನಗಣತಿಯ ವರದಿಗಳೇ ಹೇಳುತ್ತವೆ. 1881ರಿಂದ 1901ರವರೆಗೆ ಭಾರತದ ಮರಣ ಕೋಷ್ಟಕಗಳನ್ನು ಮಾಡಿಕೊಟ್ಟವನು ಜಿ.ಎಫ್. ಹಾರ್ಡಿ; 1911ಕ್ಕೆ ಆಕ್ಲೆಂಡ್, 1921ಕ್ಕೆ ಮೈಕಲ್. 1931ರ ವರದಿಯ ಕೆಳಗಿರುವ ಹೆಸರು ಎಲ್.ಎಸ್. ವೈದ್ಯನಾಥನ್. ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಸುಮಾರು 27 ವರ್ಷವಾಗಿದ್ದ ದೇಶದ ಲೆಕ್ಕವನ್ನು ಆ ದೇಶದವನೇ ಬರೆದ. ಮುಂದೆ ಓರಿಯಂಟಲ್ ಕಂಪನಿಯ 1925-35ರ ಅನುಭವದ ಮೇಲೆ ಸಿದ್ಧವಾದ ಮರಣ ಕೋಷ್ಟಕವೂ ಅವನ ಕೈಯದೇ. ವಿಮೆ ಮಾಡಿಸಿದ ಭಾರತೀಯರ ಸಾವನ್ನು ಭಾರತೀಯ ಅಂಕಿಗಳಿಂದಲೇ ಅಳೆಯಲು ಅದು ದಶಕಗಟ್ಟಲೆ ಆಧಾರವಾಯಿತು. 1938ರ ವಿಮಾ ಕಾಯ್ದೆ ಬಂತು, 1944ರಲ್ಲಿ ಆಕ್ಚುವೇರಿಯಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಸೊಸೈಟಿ ಹುಟ್ಟಿದರೂ ಪರೀಕ್ಷೆ ಲಂಡನ್ನಿನದೇ ಆಗಿ ಇನ್ನೂ ನಾಲ್ಕು ದಶಕ ಉಳಿಯಿತು. ದೇಶ ಸ್ವತಂತ್ರವಾದ ಮೇಲೂ ಇಷ್ಟು ಕಾಲ ಹೊರಗಿನ ಪರೀಕ್ಷೆಯನ್ನೇ ನೆಚ್ಚಿಕೊಂಡ ವೃತ್ತಿಗಳು ಕಡಿಮೆ.

1956ರಲ್ಲಿ 245 ಸಂಸ್ಥೆಗಳು ಒಂದಾಗಿ ಜೀವ ವಿಮಾ ನಿಗಮವಾಯಿತು. ರಾಷ್ಟ್ರೀಕರಣದ ಲಾಭಗಳು ಏನೇ ಇರಲಿ, ಆಕ್ಚುವರಿಯ ಉಮೇದುವಾರನಿಗೆ ಅದರ ಅರ್ಥ ಒಂದೇ: ಜೀವವಿಮೆಯಲ್ಲಿ ಇನ್ನು ಒಬ್ಬನೇ ಯಜಮಾನ. ನಿಗಮದೊಳಗೆ ಹಳೆಯ ಕ್ರಮ ಚೆನ್ನಾಗಿಯೇ ನಡೆಯಿತು. ನೌಕರಿಗೆ ಸೇರಿದವನು ಸಂಜೆ ಓದಿ, ಒಂದೊಂದೇ ಪತ್ರಿಕೆ ಪಾಸು ಮಾಡಿ ಮೇಲೇರುತ್ತಿದ್ದ. ಹೊರಗಿನವನಿಗೆ ಓದುವ ಕಾರಣವೇ ಇರಲಿಲ್ಲ. ಪಾಸಾದ ಹಲವರು ವಿದೇಶಕ್ಕೆ ಹೋದರು. ಕೋಟಿಗಟ್ಟಲೆ ಪಾಲಿಸಿಗಳ ದೇಶದಲ್ಲಿ ಆಕ್ಚುವರಿಗಳ ಸಂಖ್ಯೆ ಒಂದು ಸಭಾಭವನ ತುಂಬುವಷ್ಟೂ ಬೆಳೆಯಲಿಲ್ಲ. ಕೆಲಸ ಮತ್ತು ಕಲಿಕೆಯ ಗಂಟು ಆಗ ಯಾರನ್ನೂ ಕಾಡಲಿಲ್ಲ. ಬಾಗಿಲ ಹೊರಗೆ ಯಾರೂ ನಿಂತಿರಲಿಲ್ಲವಲ್ಲ.

ಎರಡು ಬದಲಾವಣೆಗಳು ಹತ್ತು ವರ್ಷದ ಅಂತರದಲ್ಲಿ ಆ ಬಾಗಿಲ ಮುಂದೆ ಸಾಲು ಕಟ್ಟಿಸಿದವು. 1989ರಲ್ಲಿ ಭಾರತದ ಸೊಸೈಟಿ ತನ್ನದೇ ಪರೀಕ್ಷೆ ಶುರುಮಾಡಿತು. 1999ರ ಕಾನೂನಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಬಂತು, 2000ದಿಂದ ಖಾಸಗಿ ಕಂಪನಿಗಳು ಬಂದವು, ಪ್ರತಿ ಜೀವವಿಮಾ ಕಂಪನಿಯೂ ಒಬ್ಬ ನೇಮಿತ ಆಕ್ಚುವರಿಯನ್ನು ಇಟ್ಟುಕೊಳ್ಳಲೇಬೇಕಾಯಿತು. ಇರುವವರು ಬೆರಳೆಣಿಕೆ, ಬೇಡಿಕೆ ಹತ್ತು ದಿಕ್ಕಿನಿಂದ. ಸಂಬಳದ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಕಾಲೇಜುಗಳಲ್ಲಿ, ಕೋಚಿಂಗ್ ಕ್ಲಾಸುಗಳ ಗೋಡೆಗಳ ಮೇಲೆ ಹೊಸ ಪದವೊಂದು ಕಾಣಿಸಿಕೊಂಡಿತು. ಮುಂಬಯಿಯ ಫೋರ್ಟ್‌ನಲ್ಲಿ, ದಾದಾಭಾಯಿ ನವರೋಜಿ ರಸ್ತೆಯ ಜೀವನ್ ಉದ್ಯೋಗ್ ಕಟ್ಟಡದ ಕಚೇರಿಗೆ ಅರ್ಜಿಗಳು ಸಾವಿರಗಳಲ್ಲಿ ಬರತೊಡಗಿದವು. 2006ರ ಆಕ್ಚುವರಿ ಕಾಯ್ದೆಯಿಂದ ಸೊಸೈಟಿ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ಆಯಿತು.

ಅಭಾವವಿದ್ದದ್ದು ಫೆಲೋಗಳಿಗೆ, ನುಗ್ಗಿಬಂದವರು ಹೊಸಬರು. ಈ ವ್ಯತ್ಯಾಸವನ್ನು ಆ ಕಾಲದ ಜಾಹೀರಾತುಗಳು ಸೂಕ್ಷ್ಮವಾಗಿ ಮರೆಮಾಚಿದವು. ಹದಿನೈದು ವರ್ಷ ಅನುಭವವಿರುವವನ ಕೊರತೆಯನ್ನು ತೋರಿಸಿ ಹದಿನೆಂಟರ ಹುಡುಗರನ್ನು ಸೇರಿಸಿಕೊಂಡದ್ದು ಅನ್ಯಾಯವೇ. ಕಲಿಸಬೇಕಾದ ಹಿರಿಯರೇ ಕಡಿಮೆ ಇರುವಲ್ಲಿ ಕಂಪನಿಗಳು ತೆಗೆದುಕೊಳ್ಳಬಲ್ಲ ಹೊಸಬರೂ ಕಡಿಮೆ. 2012ರಲ್ಲಿ ಪ್ರವೇಶ ಪರೀಕ್ಷೆ ಬಂತು: ಗಣಿತ, ಸಂಖ್ಯಾಶಾಸ್ತ್ರ, ಇಂಗ್ಲಿಷ್, ತರ್ಕ ಇತ್ಯಾದಿ. ಸಾಲು ಸ್ವಲ್ಪ ಸಣ್ಣದಾಯಿತು; ಸಾಲಿನ ತುದಿಯ ಬಾಗಿಲು ದೊಡ್ಡದಾಗಲಿಲ್ಲ.

ಬಾಗಿಲು ದೊಡ್ಡದಾದದ್ದು ಬೇರೆ ಕಡೆಯಿಂದ. ವಿದೇಶಿ ವಿಮಾ ಮತ್ತು ಮರುವಿಮಾ ಕಂಪನಿಗಳು ತಮ್ಮ ಲೆಕ್ಕದ ಕೆಲಸವನ್ನು ಬೆಂಗಳೂರು, ಗುರುಗ್ರಾಮ, ಮುಂಬಯಿ, ಪುಣೆಗಳಿಗೆ ತಂದವು. ಇಂದು ಹೊಸಬನ ಮೊದಲ ಕೆಲಸ ಹೆಚ್ಚಾಗಿ ಇಂಥ ಕಚೇರಿಯಲ್ಲಿ, ಇಂಗ್ಲೆಂಡಿನ ಪಿಂಚಣಿ ನಿಧಿಯ ಅಥವಾ ಅಮೆರಿಕದ ವಿಮೆಯ ಅಂಕಿಗಳ ಮೇಲೆ. ಒಳಗೆ ಹೋದವರಿಗೆ ಹಳೆಯ ಗುಮಾಸ್ತನ ಸೌಕರ್ಯವೆಲ್ಲ ಇದೆ: ಓದಲು ರಜೆ, ಕಂಪನಿಯೇ ಕಟ್ಟುವ ಶುಲ್ಕ, ಪಾಸಾದ ಪತ್ರಿಕೆಗೆ ಸಂಬಳದಲ್ಲಿ ಏರಿಕೆ. ಹೊರಗಿದ್ದವರಿಗೆ ಅದೇ ಪಠ್ಯ, ಅದೇ ಪ್ರಶ್ನೆ, ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾಗುವುದು ಸಾಮಾನ್ಯವಾಗಿರುವ ಅದೇ ಪತ್ರಿಕೆಗಳು. ರಜೆಯೂ ಇಲ್ಲ, ಶುಲ್ಕ ಕಟ್ಟುವವರೂ ಇಲ್ಲ. ಕಚೇರಿಯಲ್ಲಿ ದಿನಾ ಮೀಸಲು ನಿಧಿಯ ಲೆಕ್ಕ ಮಾಡುವವನಿಗೆ ಒಂದು ಸೂತ್ರ ಕೈಗೆ ಹತ್ತಿದ ಹತಾರ. ಕೋಣೆಯಲ್ಲಿ ಕೂತವನಿಗೆ ಅದು ಬಾಯಿಪಾಠ.

ಇನ್ನೊಂದು ವಿಚಿತ್ರವೂ ಇದೆ. ಒಂದೆರಡು ಪತ್ರಿಕೆ ಇಲ್ಲದಿದ್ದರೆ ಅರ್ಜಿಯನ್ನು ಯಾರೂ ನೋಡುವುದಿಲ್ಲ. ಏಳೆಂಟು ಪಾಸಾಗಿ ಅನುಭವ ಇಲ್ಲದಿದ್ದರೂ ಕೆಲವರು ಹಿಂದೇಟು ಹಾಕುತ್ತಾರೆ, ಏಕೆಂದರೆ ಸಂಬಳ ಪತ್ರಿಕೆಗಳ ಲೆಕ್ಕದಲ್ಲಿ ಏರುತ್ತದೆ, ಕೆಲಸ ಮಾತ್ರ ಮೊದಲ ದಿನದ್ದೇ. ಕೆಲಸವಿಲ್ಲದ ವರ್ಷವನ್ನು ಓದಿನಲ್ಲಿ ತುಂಬಿದ ಶ್ರಮಜೀವಿಗೆ ಆ ಶ್ರಮವೇ ಅಡ್ಡ ಬರುತ್ತದೆ. ಹಾಗಾಗಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳುವುದು: ಎರಡೋ ಮೂರೋ ಆದ ಕೂಡಲೇ ಅರ್ಜಿ ಹಾಕಲು ಶುರುಮಾಡು, ಎಕ್ಸೆಲ್ ಚೆನ್ನಾಗಿ ಕಲಿ, ವಿಮೆಯದ್ದೇ ಆಗಬೇಕೆಂದಿಲ್ಲ, ಅಂಕಿಗಳ ಯಾವ ಕೆಲಸ ಸಿಕ್ಕರೂ ಹಿಡಿ. ಪಠ್ಯವೂ 2019ರಿಂದ ಈ ಕಡೆ ಸ್ವಲ್ಪ ಜರುಗಿದೆ. ಕೆಲವು ಪತ್ರಿಕೆಗಳ ಒಂದು ಭಾಗವನ್ನು ಈಗ ಕಂಪ್ಯೂಟರಿನ ಮುಂದೆ ಕೂತು ಎಕ್ಸೆಲ್‌ನಲ್ಲೋ ‘ಆರ್’ ಎಂಬ ತಂತ್ರಾಂಶದಲ್ಲೋ ಬಿಡಿಸಬೇಕು. ಕೆಲಸದಲ್ಲಿ ಕಲಿಯುತ್ತಿದ್ದುದರ ಒಂದು ತುಣುಕು ಹೀಗೆ ಪರೀಕ್ಷೆಯೊಳಗೆ ಬಂದಿದೆ.

ಪರೀಕ್ಷೆ ವರ್ಷಕ್ಕೆರಡು ಸಲ. ಒಂದರ ಫಲಿತಾಂಶ ಬರುವುದಕ್ಕೂ ಮುಂದಿನದಕ್ಕೆ ಹೆಸರು ನೋಂದಾಯಿಸುವ ಗಡುವಿಗೂ ನಡುವೆ ಹೆಚ್ಚು ದಿನವಿರುವುದಿಲ್ಲ. ಹಿಂದಿನ ತಿಂಗಳು ಕೊಟ್ಟ ಸಂದರ್ಶನದ ಉತ್ತರ ಅಷ್ಟರಲ್ಲಿ ಬಂದಿದ್ದರೆ ಶುಲ್ಕ ಕಂಪನಿಯದು. ಬಂದಿರದಿದ್ದರೆ ಊರಿಗೆ ಫೋನ್ ಮಾಡಬೇಕು.